ವೈರ್‌ಲೆಸ್ ಕಾಕಾನ ಹವಾಲ್ದಾರ

ನಮ್ಮ ದೇಶದ ಗಡಿ ಇಂದಿಗೂ ಗಟ್ಟಿಯಾಗಿ ನಿಂತಿದೆಯೆಂದರೆ ಅದಕ್ಕೆ ಬೆಟಗೇರಿಯಲ್ಲಿರುವ ನಮ್ಮ ಕಾಕಾನೇ ಕಾರಣ. ಹೀಗೆಂದು ನಾನು ಹೇಳುತ್ತಿಲ್ಲ. ಸರಕಾರವೂ ಎಲ್ಲೂ ಹೇಳಿದಂತಿಲ್ಲ. ಹೇಳುವವನು ಕಾಕಾ. ಅದೂ ಯಾರೂ ಕೇಳದೇ ಇದ್ದಾಗ!

ಕಾಕಾ ನನ್ನ ತಂದೆಯ ತಮ್ಮ. ಸಣ್ಣ ವಯಸ್ಸಿನಲ್ಲೇ ಸೈನ್ಯ ಸೇರಿ, ವೈರ್‌ಲೆಸ್ ಕೆಲಸ ಕಲಿತು, ಕಡೆಯ ವರ್ಷಗಳಲ್ಲಿ ರೋಬಾಟ್ ಇಟ್ಟುಕೊಂಡ ಒಂದು ಸಣ್ಣ ತಂಡದಲ್ಲಿದ್ದ. ರೋಬಾಟ್ ಎಂದರೆ ಕಣ್ಣು ಮೂಗು ಇರುವ ತಗಡಿನ ಮನುಷ್ಯ ಎಂದು ನೀವು ತಿಳಿದಿದ್ದರೆ ಕಾಕಾನ ಎದುರಿಗೆ ಮಾತ್ರ ಹಾಗೆನ್ನಬೇಡಿ, ನಿಮ್ಮ ಮಧ್ಯಾಹ್ನ ಹಾಳಾಗುತ್ತದೆ. ಅದು ಟ್ಯಾಂಕಿನಂತೆ ಪಟ್ಟಿಯ ಮೇಲೆ ಉರುಳುವ ಒಂದು ಗಾಡಿ. ಮುಂದೆ ಕ್ಯಾಮೆರಾ, ಮೇಲೊಂದು ಉದ್ದನೆಯ ಕೈ. ದಾರಿಯಲ್ಲಿ ಅನುಮಾನದ ವಸ್ತು ಬಿದ್ದಿದ್ದರೆ ಮನುಷ್ಯರು ದೂರ ಕುಳಿತು ಈ ಗಾಡಿಯನ್ನು ಕಳಿಸುತ್ತಾರೆ. ಅದನ್ನು ನಡೆಸುವವನು ಒಬ್ಬ. ಅವನ ಅಪ್ಪಣೆ ಗಾಡಿಗೆ ಮುಟ್ಟುವಂತೆ, ಗಾಡಿ ಕಂಡದ್ದು ಅವನಿಗೆ ಮುಟ್ಟುವಂತೆ ಆಂಟೆನಾ ಎತ್ತಿ, ತಿರುಗಿಸಿ, ಸಿಗ್ನಲ್ ಕಾಯುವವನು ಇನ್ನೊಬ್ಬ. ಆ ಇನ್ನೊಬ್ಬನೇ ನಮ್ಮ ಕಾಕಾ.

"ಅಂದ್ರ ನೀ ಆಂಟೆನಾ ಹಿಡಕೊಂಡು ನಿಂತಿದ್ದಿ ಅನ್ನು," ಎಂದು ನನ್ನ ತಂದೆ ಒಮ್ಮೆ ಅಂದುಬಿಟ್ಟರು. ಆ ವರ್ಷ ಕಾಕಾ ನಮ್ಮ ಮನೆಯ ಶೇಂಗಾ ಹೋಳಿಗೆ ಮುಟ್ಟಲಿಲ್ಲ. ಚಿಗವ್ವ, ಅಂದರೆ ಕಾಕಾನ ಹೆಂಡತಿ, ಅವನ ಪಾಲಿನದನ್ನು ಡಬ್ಬಿಗೆ ತುಂಬಿಸಿಕೊಂಡು ಹೋದಳು. ಬೆಟಗೇರಿಗೆ ಹೋಗಿ ತಿಂದನಂತೆ. ಅಷ್ಟು ದೂರಕ್ಕೆ ಸ್ವಾಭಿಮಾನದ ಸಿಗ್ನಲ್ ಮುಟ್ಟುತ್ತಿರಲಿಲ್ಲವೇನೋ!

ನಿವೃತ್ತನಾಗಿ ಬಂದಾಗ ಸಮವಸ್ತ್ರ ಕಳಚಿಟ್ಟ, ನಾಲಿಗೆಯ ಮೇಲಿನ ವೈರ್‌ಲೆಸ್ ಮಾತ್ರ ಕಳಚಲಿಲ್ಲ. ಫೋನಿನಲ್ಲಿ ಪ್ರತಿ ಮಾತಿನ ಕೊನೆಗೂ "ಓವರ್" ಎನ್ನಬೇಕು. ಆ ಕಡೆಯವರೂ "ಓವರ್" ಎಂದರೆ ಮಾತ್ರ ಕಾಕಾ ಮುಂದಿನ ಮಾತು ಆಡುತ್ತಾನೆ. ಇಬ್ಬರೂ ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಮುಟ್ಟುವುದಿಲ್ಲ ಎಂಬುದು ಸೈನ್ಯದ ಶಿಸ್ತು. ನಮ್ಮ ಮನೆತನದಲ್ಲಿ ಹುಟ್ಟಿದವರಿಗೆ ಒಟ್ಟಿಗೆ ಮಾತಾಡದೆ ಇದ್ದು ಗೊತ್ತೇ ಇಲ್ಲ!

ನನ್ನ ತಂದೆಗೆ ಗದಗಿನ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಶನ್ ಆಯಿತು. ಶಿರಹಟ್ಟಿಯಲ್ಲಿರುವ ನಮ್ಮ ಸೋದರತ್ತೆಗೆ ಖಬರು ಮುಟ್ಟಿಸುವ ಕೆಲಸವನ್ನು ಕಾಕಾ ಕಸಿದುಕೊಂಡ. ಸಂವಹನ ಅವನ ಖಾತೆಯಲ್ಲವೇ? ಫೋನ್ ಹಚ್ಚಿ ಗಂಭೀರವಾಗಿ ಹೇಳಿದ:

"ಅಕ್ಕಾ, ಆಪರೇಶನ್ ಮಾಡಿದ್ರು. ಅಣ್ಣಂದು ಆತು. ಓವರ್."

ಅತ್ತೆಗೆ ಕೇಳಿಸಿದ್ದು "ಅಣ್ಣಂದು ಆತು" ಮತ್ತು "ಓವರ್". ಅವಳು "ಏನಾತೋ? ಏನಂದಿ?" ಎಂದು ಚೀರಿದಳು. "ಓವರ್" ಅನ್ನಲಿಲ್ಲ. ಆದ್ದರಿಂದ ಕಾಕಾ ಶಿಸ್ತಿನಿಂದ ಸುಮ್ಮನಿದ್ದ! ಆ ಮೌನವೇ ಅತ್ತೆಗೆ ಉತ್ತರವಾಯಿತು. ಸ್ವಲ್ಪ ಹೊತ್ತಿನಲ್ಲೇ ಒಂದು ಟೆಂಪೊ ತುಂಬ ಜನ ಎದೆ ಬಡಿದುಕೊಳ್ಳುತ್ತ ಆಸ್ಪತ್ರೆಗೆ ನುಗ್ಗಿದರು. ತಂದೆ ಹಾಸಿಗೆಯಲ್ಲಿ ಒರಗಿ ಗಂಜಿ ಕುಡಿಯುತ್ತಿದ್ದರು. ತಂಗಿ ಅಳುವುದನ್ನು ನೋಡಿದವರೇ ಬಟ್ಟಲು ಕೆಳಗಿಟ್ಟು, ಕಣ್ಣಲ್ಲಿ ನೀರು ತಂದುಕೊಂಡು ಕೇಳಿದರು:

"ಯಾರು ಹ್ವಾದ್ರವಾ?"

"ನೀನs ಹೋಗೀಯಂತಲ್ಲೋ ಅಣ್ಣಾ!"

"ನಾನು? ಯಾವಾಗ?"

ಕಾಕಾ ತಪ್ಪೊಪ್ಪಿಕೊಂಡನೇ? ಬಾಗಿಲಲ್ಲಿ ನಿಂತು ತಲೆಯಾಡಿಸಿದ: "ನಾ ಕಳಿಸಿದ್ದು ಸ್ವಚ್ಛ ಐತಿ. ರಿಸೀವರ್‌ದಾಗ ದೋಷ ಐತಿ."

ಇದಾದ ಮೇಲೆ ಅವನಿಗೆ ಖಬರು ಹೇಳುವ ಕೆಲಸವನ್ನು ಯಾರೂ ಕೊಡಲಿಲ್ಲ. ಆದರೆ ಲಕ್ಷ್ಮೇಶ್ವರದಲ್ಲಿ ನಡೆದ ಸಂಬಂಧಿಕರ ಮದುವೆಯಲ್ಲಿ, ಹಿರಿಯರು ಎಂಬ ಮುಲಾಜಿಗೆ, ವಧೂವರರಿಗೆ ಎರಡು ಮಾತು ಹರಸಲು ಮೈಕು ಕೊಟ್ಟುಬಿಟ್ಟರು. ತಂತಿಯಿಲ್ಲದ ಮೈಕು! ಅದು ಕೈಗೆ ಬಂದದ್ದೇ ತಡ, ಕಾಕಾನ ಮುಖ ಅರಳಿತು.

"ಈ ಹುಡುಗ-ಹುಡುಗಿ ಸಂಸಾರ ಅಂದ್ರ ಏನು? ಒಂದು ರೋಬಾಟ್, ಒಂದು ಕಂಟ್ರೋಲು. ಯಾರು ರೋಬಾಟ್ ಅಂತ ನಾ ಹೇಳೂದಿಲ್ಲ, ಆಮ್ಯಾಲೆ ತಿಳೀತೈತಿ..."

ಮಂದಿ ನಕ್ಕರು. ನಗಬಾರದಿತ್ತು. ಕಾಕಾ ಅಲ್ಲಿಂದ ನೇರ ಗಡಿಗೆ ಹೋದ. ವೈರಿ ನಮ್ಮ ಅಪ್ಪಣೆಯನ್ನು ಕದ್ದು ಕೇಳದಂತೆ ಅದನ್ನು ಗುಟ್ಟಿನ ಭಾಷೆಗೆ ತಿರುಗಿಸುವುದು, ಗುಡ್ಡ ಅಡ್ಡ ಬಂದರೆ ನಡುವೆ ಇನ್ನೊಂದು ಯಂತ್ರ ನಿಲ್ಲಿಸಿ ಮಾತು ದಾಟಿಸುವುದು, ಬಾಂಬಿಗೆ ವೈರಿಯ ಸಿಗ್ನಲ್ ಮುಟ್ಟಬಾರದೆಂದು ನಾವು ಜಾಮರ್ ಹಚ್ಚಿದರೆ ನಮ್ಮದೇ ರೋಬಾಟೂ ಕಿವುಡಾಗುವ ಸಂಕಟ, ಎಲ್ಲ ಬಂದವು. ಮದುಮಕ್ಕಳು ನಿಂತೇ ಇದ್ದರು. ಅಕ್ಕಿಕಾಳು ಹಿಡಿದ ಮುಷ್ಟಿಗಳು ಬೆವರಿದವು. ಅಡುಗೆಯವನು ಬಾಗಿಲಲ್ಲಿ ಬಂದು ಅನ್ನ ಆರುತ್ತಿದೆ ಎಂದು ಸನ್ನೆ ಮಾಡಿದ. ಕಡೆಗೆ ಹುಡುಗಿಯ ಸೋದರಮಾವ ತಾಳಲಾರದೆ ಧ್ವನಿವರ್ಧಕದವನ ಹತ್ತಿರ ಹೋಗಿ ಆ ಮೈಕನ್ನು ಬಂದ್ ಮಾಡಿಸಿದ.

ಕಾಕಾನ ಧ್ವನಿ ಕಡಿಯಿತು. ಸಭೆ ನಿಟ್ಟುಸಿರು ಬಿಟ್ಟಿತು. ಕಾಕಾ ಮಾತ್ರ ಆನಂದದಿಂದ ಕೂಗಿದ: "ನೋಡಿದ್ರೇನು? ಇದಕ್ಕs ಜಾಮಿಂಗ್ ಅಂತಾರ! ವೈರಿ ನಮ್ಮ ಚಾನೆಲ್ ಒತ್ತಿ ಹಿಡದಾನ. ಈಗ ನಾವೇನ್ ಮಾಡಬೇಕು? ಇನ್ನೊಂದು ಚಾನೆಲ್ಲಿಗೆ ಜಿಗೀಬೇಕು!"

ಜಿಗಿದೇಬಿಟ್ಟ. ಬ್ಯಾಂಡಿನವರ ಮೈಕಿಗೆ! ಅದನ್ನು ಬಂದ್ ಮಾಡಿದರೆ ಸ್ವಾಮಿಗಳ ಮುಂದಿನ ಮೈಕಿಗೆ. ಸೈನ್ಯದ ರೋಬಾಟುಗಳು ಕಣ್ಣು ಮುಚ್ಚಿ ತೆರೆಯುವುದರೊಳಗೆ ಚಾನೆಲ್ ಬದಲಿಸುತ್ತ ವೈರಿಗೆ ಸಿಗದಂತೆ ಮಾತಾಡುತ್ತವೆಯಂತೆ. ಈ ವಿದ್ಯೆಯನ್ನು ಮದುವೆ ಮಂಟಪದಲ್ಲಿ ಕಣ್ಣಾರೆ ಕಂಡ ಭಾಗ್ಯ ಲಕ್ಷ್ಮೇಶ್ವರದವರದು. ಮದುವೆಯ ವಿಡಿಯೋದಲ್ಲಿ ಇವತ್ತಿಗೂ ಮದುಮಗನಿಗಿಂತ ಕಾಕಾನೇ ಹೆಚ್ಚು ಕಾಣುತ್ತಾನೆ.

ಬರೀ ಮಾತಾಡಿದರೆ ಜನ ನಂಬುವುದಿಲ್ಲ, ಮಾಡಿ ತೋರಿಸಬೇಕು ಎಂದು ಕಾಕಾನಿಗೆ ಯಾವ ಗಳಿಗೆಯಲ್ಲಿ ಅನ್ನಿಸಿತೋ! ಗುಜರಿಯಿಂದ ಕಾರಿನ ವೈಪರ್ ಮೋಟಾರು ಬಂದವು, ಮಕ್ಕಳ ಸೈಕಲ್ಲಿನ ಗಾಲಿ ಬಂದವು, ಹೊಲಕ್ಕೆ ಔಷಧ ಹೊಡೆಯುವ ಪಂಪಿನ ಬ್ಯಾಟರಿ ಬಂತು. ಮೈಗೆ ಎಣ್ಣೆಯ ಡಬ್ಬಿ. ಕೈಗೆ ಏನು? ಚಿಗವ್ವ ಹಾಲಿನ ಪಾತ್ರೆ ಇಳಿಸಲು ಹೋದಾಗ ಇಕ್ಕಳ ಸಿಗಲಿಲ್ಲ. ಹುಡುಕಿದರೆ ಅದು ರಾಷ್ಟ್ರಸೇವೆಗೆ ಸೇರಿಬಿಟ್ಟಿತ್ತು! ಎದೆಯ ಮೇಲೊಂದು ಸಣ್ಣ ಸ್ಪೀಕರು, ತಲೆಯ ಮೇಲೆ ಆಂಟೆನಾ. ಹೆಸರು 'ಹವಾಲ್ದಾರ'.

ಕಾಕಾ ನಿವೃತ್ತನಾದದ್ದು ನಾಯಕ್ ಆಗಿ. ಹವಾಲ್ದಾರ ಅದಕ್ಕಿಂತ ಮೇಲಿನ ಹುದ್ದೆ. "ಹಂಗಾದ್ರ ದಿನಾ ಮುಂಜಾನೆ ಎದ್ದು ನೀ ಇದಕ್ಕ ಸಲ್ಯೂಟ್ ಹೊಡೀಬೇಕಲ್ಲ ಕಾಕಾ?" ಎಂದು ನಾನು ಕೇಳಿದೆ. ಕಾಕಾ ಆಂಟೆನಾ ಒರೆಸುತ್ತ ಆ ಕಡೆ ತಿರುಗಿದ. ಹೊಡೆಯುತ್ತಾನೆಂದು ಚಿಗವ್ವ ಆಮೇಲೆ ಗುಟ್ಟಾಗಿ ಹೇಳಿದಳು.

ಮೊದಲ ಸವಾರಿ ಬೆಟಗೇರಿಯ ಓಣಿಯಲ್ಲಿ. ಹವಾಲ್ದಾರ ಗತ್ತಿನಿಂದ ಹೊರಟು, ತಿರುವಿನಲ್ಲಿ ಗೋಡೆ ಅಡ್ಡ ಬಂದದ್ದೇ ಕಾಕಾನ ಮಾತು ಕೇಳುವುದು ಬಿಟ್ಟು, ನೇಕಾರರ ಮನೆಯೊಂದಕ್ಕೆ ನುಗ್ಗಿ ಮಗ್ಗದ ಎಳೆಗಳಲ್ಲಿ ಸಿಕ್ಕಿಕೊಂಡಿತು. ಆ ಮನೆಯ ಹೆಣ್ಣುಮಗಳು ಬೀದಿಗೆ ಬಂದು ಕೂಗಿದಳು:

"ಬರ್ರೀ, ಜಲ್ದಿ ಬರ್ರೀ! ನಿಮ್ಮ ಹವಾಲ್ದಾರ ನಮ್ಮ ಮನ್ಯಾಗ ಹೊಕ್ಕಾನ, ಸೀರಿ ಬಿಡವಲ್ಲ!"

ಓಣಿಯವರೆಲ್ಲ ಕೋಲು ಹಿಡಿದು ಓಡಿಬಂದರು. ಚಿಗವ್ವ ಹಣೆ ಚಚ್ಚಿಕೊಂಡು, "ಅದಕ್ಕೊಂದು ಹಗ್ಗಾ ಕಟ್ಟರಿ ಅಂದೆ, ಕೇಳಲಿಲ್ಲ," ಎಂದಳು. ಕಾಕಾ ಸಿಟ್ಟಾದ: "ಹಗ್ಗಾ ಕಟ್ಟಿದ್ರ ಅದು ರೋಬಾಟ್ ಆಗೂದಿಲ್ಲ, ಎತ್ತು ಆಗತೈತಿ!"

ಈ ಖ್ಯಾತಿ ಹೇಗೋ ಮುಂಡರಗಿಯವರೆಗೆ ಹರಡಿ, ಅಲ್ಲಿನ ಕಾಲೇಜೊಂದರಿಂದ ಪ್ರಾತ್ಯಕ್ಷಿಕೆಗೆ ಕರೆ ಬಂತು. ಹವಾಲ್ದಾರನನ್ನು ಹೊರುವ ಹೆಗಲು ನನ್ನದು. ಹಿರೇವಡ್ಡಟ್ಟಿಯಲ್ಲಿ ಚಿಗವ್ವನ ತಂಗಿಯ ಮನೆ ಇದ್ದದ್ದರಿಂದ, ಕಾರ್ಯಕ್ರಮ ಮುಗಿಸಿ ಅಲ್ಲಿಗೇ ಹೋಗೋಣವೆಂದು ಅವಳೂ ಬಂದಳು. ಗದಗಿನಲ್ಲಿ ಬಸ್ಸು ಹತ್ತುವಾಗ ಕಂಡಕ್ಟರ್ ಹವಾಲ್ದಾರನನ್ನು ಕಂಡು, "ಇದಕ್ಕ ಲಗೇಜ್ ಆಗತೈತ್ರಿ," ಎಂದ. "ಲಗೇಜ್? ಇದು ಫೌಜಿ ಐತಿ! ಸವಲತ್ತು ಕೊಡು," ಎಂದ ಕಾಕಾ. "ಹಂಗಾರ ಗುರುತಿನ ಚೀಟಿ ತೋರಸಾಕ ಹೇಳ್ರಿ ಅದಕ್ಕ," ಎಂದ ಕಂಡಕ್ಟರ್. ಫೌಜಿಗೆ ಲಗೇಜ್ ಟಿಕೇಟು ತೆಗೆಸಬೇಕಾಯಿತು.

ಕಾಲೇಜಿನಲ್ಲಿ ಊರ ಪುಢಾರಿಯೊಬ್ಬರು ಮುಖ್ಯ ಅತಿಥಿ. ವಿಜ್ಞಾನದ ಬಗ್ಗೆ ತಮಗೆ ಏನೂ ಗೊತ್ತಿಲ್ಲವೆಂದು ಆರಂಭಿಸಿ, ಆ ಮಾತನ್ನು ಬಹಳ ಹೊತ್ತು ಸಾಧಿಸಿ ತೋರಿಸಿದರು. ತಾಲೂಕಿಗೊಂದು ರೋಬಾಟ್ ಕೇಂದ್ರದ ಭರವಸೆಯನ್ನೂ ಕೊಟ್ಟರು. ನಂತರ ಕಾಕಾ, ಬಾಂಬೆಂದು ಮೂಲೆಯಲ್ಲಿಟ್ಟ ಊಟದ ಡಬ್ಬಿಯನ್ನು ಎತ್ತಿ ತರಲು ಹವಾಲ್ದಾರನಿಗೆ ಅಪ್ಪಣೆ ಕೊಟ್ಟ. ಹವಾಲ್ದಾರ ಡಬ್ಬಿಯವರೆಗೆ ಹೋಗಿ, ಏನೋ ಯೋಚಿಸಿದವನಂತೆ ನಿಂತು, ತಿರುಗಿ, ಅತಿಥಿಗಳು ಕುರ್ಚಿಯ ಕೆಳಗೆ ಬಿಟ್ಟಿದ್ದ ಹೊಸ ಬೂಟೊಂದನ್ನು ಇಕ್ಕಳದಲ್ಲಿ ಹಿಡಿದುಕೊಂಡು ಹಿಂದಕ್ಕೆ ಹೊರಟಿತು. ಹುಡುಗರ ಸಿಳ್ಳೆಗೆ ಮಾಳಿಗೆ ಹಾರಿಹೋಗುವಂತಾಯಿತು.

ಕಾಕಾ ಸೋತನೇ? "ನೋಡ್ರಿ," ಎಂದ, "ಅನುಮಾನದ ವಸ್ತು ಯಾವುದಂತ ಅದಕ್ಕ ತಾನಾಗೇ ತಿಳೀತು!"

ಊಟ ಮಾಡಿಕೊಂಡು ಹೋಗಿ ಎಂದು ಆಮೇಲೆ ಯಾರೂ ನಮಗೆ ಹೇಳಲಿಲ್ಲ. ಹಸಿದುಕೊಂಡೇ ಮುಂಡರಗಿಯ ಬಸ್ ಸ್ಟ್ಯಾಂಡಿಗೆ ಬಂದು ಹಿರೇವಡ್ಡಟ್ಟಿಯ ಬಸ್ಸಿಗೆ ಕಾಯುತ್ತ ನಿಂತೆವು. ಹವಾಲ್ದಾರ ಗೋಣಿಚೀಲದೊಳಗಿದ್ದ. ಚಿಗವ್ವ ಮಿರ್ಚಿ ಭಜಿ ತರಿಸಿದಳು. ನಾನು ಮೊದಲನೆಯದನ್ನು ಮುರಿಯುತ್ತಿದ್ದೆ, ಅಷ್ಟರಲ್ಲಿ ನಿಲ್ದಾಣದ ಆ ತುದಿಯಿಂದ ಕೂಗು ಕೇಳಿತು.

"ಬಾಂಬ್! ಬಾಂಬ್ ಐತಿ!"

ಕಂಬದ ಹತ್ತಿರ ಒಂದು ಕರಿಯ ಚೀಲ ವಾರಸುದಾರರಿಲ್ಲದೆ ಬಿದ್ದಿತ್ತು. ಬಾಯಿಗೆ ಕೆಂಪು ವಯರು ಸುತ್ತಿತ್ತು. ಒಳಗಿನಿಂದ ಟಿಕ್ ಟಿಕ್ ಸಪ್ಪಳ ಬರುತ್ತಿದೆಯೆಂದು ಯಾರೋ ಹೇಳಿದರು. ಜನ ಒಬ್ಬರ ಮೇಲೊಬ್ಬರು ಬಿದ್ದು ರಸ್ತೆಗೆ ಓಡಿದರು. ಓಡಿ ಎಲ್ಲಿಗೆ ಹೋದರು? ರಸ್ತೆಯ ಆಚೆ ನಿಂತು ತಿರುಗಿ, ಎಲ್ಲರೂ ಜೇಬಿನಿಂದ ಫೋನ್ ತೆಗೆದರು! ಒಬ್ಬ ಪೊಲೀಸ್ ಪೇದೆ ಬಂದು, ಗದಗಿನಿಂದ ತಂಡ ಹೊರಟಿದೆ, ಯಾರೂ ಹತ್ತಿರ ಹೋಗಬಾರದು ಎಂದು ಕೈ ಅಡ್ಡ ಹಿಡಿದು ನಿಂತ.

ಆಗ ಕಂಡಿತು. ಚೀಲದ ಪಕ್ಕದ ಬೆಂಚಿನ ಮೇಲೆ, ಸೆರಗು ಮುಖಕ್ಕೆ ಹೊದ್ದು, ಒಬ್ಬ ಮುದುಕಿ ಗಾಢವಾಗಿ ಮಲಗಿದ್ದಳು.

"ಅಜ್ಜೀ! ಏಳಬೇ! ಓಡಿ ಬಾರಬೇ!" ಇಡೀ ಮುಂಡರಗಿ ಕೂಗಿತು. ಮುದುಕಿ ಕಾಲು ಕೂಡ ಅಲುಗಿಸಲಿಲ್ಲ. ಕಿವಿ ಕೇಳಿಸುತ್ತಿರಲಿಲ್ಲವೆಂದು ತೋರುತ್ತದೆ.

ಕಾಕಾ ಗೋಣಿಚೀಲ ಬಿಚ್ಚಿದ. "ಇದರ ಸ್ಪೀಕರಿನ್ಯಾಗ ಕಿವಿ ಹತ್ರ ಕರದು ಎಬ್ಬಿಸ್ತೀನಿ," ಎಂದ. ಬೂಟು ಕದ್ದ ಮಹಾಶಯ ಈಗ ಅಜ್ಜಿಯ ಬಳೆ ಕದ್ದುಕೊಂಡು ಬರುತ್ತಾನೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಹವಾಲ್ದಾರ ಹೊರಟಿತು. ಅರ್ಧ ದಾರಿ ನೆಟ್ಟಗೆ ಹೋಯಿತು. ಅಲ್ಲಿ ತಡವರಿಸಿ, ಗಿರಕಿ ಹೊಡೆದು, ನಿಂತುಬಿಟ್ಟಿತು.

"ಫೋನ್ ಬಂದ್ ಮಾಡ್ರೀ!" ಕಾಕಾ ಜನರ ಕಡೆ ತಿರುಗಿ ಕೂಗಿದ. "ನಿಮ್ಮ ಫೋನಿಂದ ಅದಕ್ಕ ನನ್ನ ಸಿಗ್ನಲ್ ಮುಟ್ಟವಲ್ದು. ಒಂದೀಟು ಬಂದ್ ಮಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ!"

ಒಬ್ಬರೂ ಬಂದ್ ಮಾಡಲಿಲ್ಲ. ಏಕೆ ಮಾಡುತ್ತಾರೆ? ಮುದುಕಿ ಸಿಡಿದುಹೋದರೆ ವಿಡಿಯೋ ಬೇಡವೇ? ಕಾಲಿಗೆ ಬೀಳುತ್ತೇನೆ ಎಂದ ಕಾಕಾನ ವಿಡಿಯೋವನ್ನೂ ಕೆಲವರು ಮಾಡಿಕೊಂಡರು.

ಕಾಕಾ ಗುಂಡಿಗಳನ್ನು ಒತ್ತಿ ನೋಡಿದ. ರಿಮೋಟನ್ನು ತಲೆಯ ಮೇಲೆ ಎತ್ತಿ ಹಿಡಿದು ನೋಡಿದ. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟ.

"ಈ ಗುಂಡಿ ಒತ್ತಿ ಹಿಡಿ ತಮ್ಮಾ. ಬಿಡಬ್ಯಾಡ. ಸಿಗ್ನಲ್ ಬಂದ್ರ ಅದು ಹೊಂಡತೈತಿ."

"ನೀ ಎಲ್ಲಿಗೆ ಕಾಕಾ?"

ಕಾಕಾ ಆಗಲೇ ತಿರುಗಿದ್ದ. ಪೇದೆಯ ಕೈಯ ಕೆಳಗೆ ಬಗ್ಗಿ ದಾಟಿ, ಹೊರಟೇಬಿಟ್ಟ. ಓಡಲಿಲ್ಲ. ಕೂಗಲಿಲ್ಲ. ನೆಲ ನೋಡುತ್ತ, ಒಂದೇ ಸಮನೆ ಹೆಜ್ಜೆ ಹಾಕುತ್ತ ನಡೆದ. ನಿಂತಿದ್ದ ಹವಾಲ್ದಾರನ ಪಕ್ಕದಲ್ಲೇ ಹಾದುಹೋದ, ಅದರ ಕಡೆ ನೋಡಲೂ ಇಲ್ಲ. "ಏನ್ರೀ! ಏನ್ರೀ ನಿಮ್ಮನ್ನs!" ಎಂದು ಚಿಗವ್ವ ಕೂಗಿದಳು. ಅವಳು ನನ್ನ ತೋಳು ಹಿಡಿದಳು. ಉಗುರು ನಾಟಿದವು. ನಾನು ಗುಂಡಿ ಒತ್ತುತ್ತಲೇ ಇದ್ದೆ. ಹವಾಲ್ದಾರ ಒಂದು ಇಂಚೂ ಅಲುಗಲಿಲ್ಲ, ಕಾಕಾನ ಬೆನ್ನು ಮಾತ್ರ ಸಣ್ಣದಾಗುತ್ತ ಹೋಯಿತು. ಅಂಥ ಉದ್ದನೆಯ ಬಸ್ ಸ್ಟ್ಯಾಂಡನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಕಾಕಾ ಬೆಂಚು ಮುಟ್ಟಿದ. ಚೀಲಕ್ಕೂ ಮುದುಕಿಗೂ ನಡುವೆ, ಚೀಲಕ್ಕೆ ಬೆನ್ನು ಮಾಡಿ ನಿಂತು, ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಳ್ಳಲು ಬಗ್ಗಿದ. ಮುದುಕಿಗೆ ಎಚ್ಚರವಾಯಿತು.

"ಅಯ್ಯಯ್ಯೋ! ಕಳ್ಳಾ! ನಿನ್ನ ಹೆಣಾ ಎತ್ತಲಿ!"

ಕಾಕಾನ ಕೂದಲು ಅವಳ ಮುಷ್ಟಿಯಲ್ಲಿತ್ತು. ಕಾಕಾ ಹಾಗೆಯೇ ಅವಳನ್ನು ಹೊತ್ತು ಈ ಕಡೆ ಹೊರಟರೆ ಅವಳು ಕಾಲು ಬಡಿಯುತ್ತ ಹಿಂದಕ್ಕೆ ಕೈ ಚಾಚಿದಳು: "ನನ್ನ ಚೀಲಾ! ನನ್ನ ಚೀಲಾ ಅಲ್ಲೈತಿ!" ಕೊಸರಿಕೊಂಡು ಇಳಿದವಳೇ ಓಡಿಹೋಗಿ ಆ ಕರಿಯ ಚೀಲವನ್ನು ಎತ್ತಿ ಎದೆಗವಚಿಕೊಂಡಳು. ಇಡೀ ರಸ್ತೆ ಕಿವಿ ಮುಚ್ಚಿಕೊಂಡಿತು.

ಏನೂ ಆಗಲಿಲ್ಲ. ಸಿಂಗಟಾಲೂರಿನಲ್ಲಿ ಮಗಳ ಹೊಸ ಮನೆಗೆಂದು ಒಯ್ಯುತ್ತಿದ್ದ ಗೋಡೆ ಗಡಿಯಾರ ಅದರಲ್ಲಿತ್ತು. ಚೀಲದ ಚೈನು ಹಾಳಾಗಿ ಕೆಂಪು ವಯರು ಕಟ್ಟಿದ್ದಳು. ಬೆಂಚಿನ ಮೇಲೆ ಜಾಗ ಸಾಲದೆ ಕಂಬಕ್ಕೆ ಒರಗಿಸಿದ್ದಳು, ಅಷ್ಟೇ. ಜನರ ನಗು ಮುಗಿಲು ಮುಟ್ಟಿತು. ಓಡಿದವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಪೇದೆ ಕಾಕಾನನ್ನು ಹಿಡಿದು ನಿಲ್ಲಿಸಿ, "ಹೋಗಬ್ಯಾಡ್ರಿ ಅಂದ್ರ ತಿಳಿಯೂದಿಲ್ಲೇನ್ರಿ? ಏನರ ಆಗಿದ್ರ ನಾ ಯಾರಿಗೆ ಉತ್ತರಾ ಕೊಡ್ಲಿ?" ಎಂದು ಎಲ್ಲರೆದುರು ಝಾಡಿಸಿದ.

ಕಾಕಾ ತಲೆ ತಗ್ಗಿಸಿ ನಿಂತ. ಸಿಗ್ನಲ್ ಬಗ್ಗೆ ಭಾಷಣವಿಲ್ಲ, ಜಾಮಿಂಗ್ ಇಲ್ಲ, ಏನೂ ಇಲ್ಲ. ಹತ್ತಿರ ಹೋಗಿ ನೋಡಿದರೆ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಚಿಗವ್ವ ಕೊಟ್ಟ ನೀರಿನ ಬಾಟಲಿಯನ್ನು ಒಂದೇ ಗುಟುಕಿಗೆ ಖಾಲಿ ಮಾಡಿದ.

ನಾನು ಹವಾಲ್ದಾರನನ್ನು ಮತ್ತೆ ಗೋಣಿಚೀಲಕ್ಕೆ ತುಂಬುವಷ್ಟರಲ್ಲಿ ಹಿರೇವಡ್ಡಟ್ಟಿಯ ಬಸ್ಸು ಬಂತು. ಗಂಡ ಹೆಂಡತಿ ಒಂದು ಸೀಟಿನಲ್ಲಿ, ಅವರ ಹಿಂದೆ ನಾನು. ನಗಿಸೋಣವೆಂದು ಮುಂದಕ್ಕೆ ಬಗ್ಗಿ, "ಕಾಕಾ, ಗಡಿಯಾರದ ಮ್ಯಾಲೆ ದಂಡೆತ್ತಿ ಹ್ವಾದ ಫೌಜಿ ನೀ ಒಬ್ಬನs ನೋಡು," ಎಂದೆ. ಕಾಕಾ ಕಿಟಕಿಯ ಹೊರಗೆ ನೋಡುತ್ತಲೇ ಇದ್ದ. ಹಾಗೆಯೇ ಅಂದ:

"ಅಲ್ಲೆ ಗಡಿ ಮ್ಯಾಲೆ ಸಿಗ್ನಲ್ ಕಡದಾಗ ನನ್ನ ದೋಸ್ತ ಹೋಗತಿದ್ದ."

"ಎಲ್ಲಿಗೆ?"

"ಎಲ್ಲಿಗಂದ್ರ? ಗಾಡಿ ನಡಸಾಂವ ಅವನs. ಗುಡ್ಡದ ಸಂದ್ಯಾಗ ಗಾಡಿ ನಿಂತ್ರ ಬಾಂಬ್ ತಡಿಯೂ ದಪ್ಪನ ಅಂಗಿ ಹಾಕ್ಕೊಂಡು ತಾನs ನಡದು ಹೋಗತಿದ್ದ. ನಾ ಹಿಂದ ಕುಂತು ಆಂಟೆನಾ ತಿರುವತಿದ್ದೆ. ತಿರುವಿ ತಿರುವಿ ಕೈ ಸೋಲತಿದ್ದವು. ಈಗ ಬಂದೀತು, ಈಗ ಬಂದೀತು, ಅವ ಅರ್ಧಕ್ಕs ತಿರುಗಿ ಬಂದಾನು ಅಂತ..."

"ಅವರಿಗೇನರ ಆತೇನ್ರಿ?" ಚಿಗವ್ವ ಮೆಲ್ಲಗೆ ಕೇಳಿದಳು.

"ಏನೂ ಆಗಲಿಲ್ಲ. ಎಲ್ಲಾ ಸಲಾನೂ ಬಂದ. ಬಂದು ಚಹಾ ಕೇಳತಿದ್ದ. ಈಗ ಹರಿಯಾಣಾದಾಗ ಎಮ್ಮಿ ಕಟ್ಟ್ಯಾನ." ಕಾಕಾ ಮೂಗು ಒರೆಸಿಕೊಂಡ. "ಒಂದ ಸಲರ ಬೈಬೇಕಲ್ಲ? ಯಾಕಲೇ ಸಿಗ್ನಲ್ ಕೊಡಲಿಲ್ಲ ಅಂತ ಒಂದ ಮಾತು? ಕೇಳಲೇ ಇಲ್ಲ ಅವ."

ಗುಂಡಿ ಒತ್ತಿದ ನನ್ನ ಹೆಬ್ಬೆರಳು ಇನ್ನೂ ನೋಯುತ್ತಿತ್ತು. ನಾನು ಹಿಂದಕ್ಕೆ ಒರಗಿದೆ.

"ಅವರಿಗೆ ಫೋನ್ ಹಚ್ಚರಿ," ಎಂದಳು ಚಿಗವ್ವ.

"ಯಾಕ?"

"ಹಚ್ಚರಿ ಅಂದೆ."

ಕಾಕಾ ಹಚ್ಚಿದ. ಆ ಕಡೆಯಿಂದ ಒರಟು ಧ್ವನಿ ಕೇಳಿತು. ಕಾಕಾ ಹಿಂದಿಯಲ್ಲಿ ಒಂದೇ ಮಾತು ಹೇಳಿದ: ಇವತ್ತು ಗಾಡಿ ನಿಂತುಬಿಟ್ಟಿತು, ನಾನೇ ನಡೆದು ಹೋಗಿದ್ದೆ.

"ಓವರ್" ಎನ್ನುವುದನ್ನು ಮರೆತಿದ್ದ. ಬಸ್ಸು ಒಂದು ಹಳ್ಳಕ್ಕೆ ಇಳಿದು ಹತ್ತಿತು. ಫೋನು ಕಡಿಯಿತೆಂದೇ ನಾನು ತಿಳಿದೆ. ಅಷ್ಟರಲ್ಲಿ ಬೈಗುಳ ಶುರುವಾಯಿತು. ಮುಪ್ಪಿನಲ್ಲಿ ಬುದ್ಧಿ ಕೆಟ್ಟಿದೆಯೇ, ನಿನ್ನ ಹೆಂಡತಿಯ ಮುಖವಾದರೂ ನೆನಪಿತ್ತೇ ಎಂಬಲ್ಲಿಂದ ಆರಂಭವಾಗಿ, ಬರೆಯಲಾಗದ ಅಚ್ಚ ಫೌಜಿ ಬೈಗುಳ, ನಡುನಡುವೆ ಬಿಕ್ಕು. ಎಷ್ಟು ಸ್ವಚ್ಛವಾಗಿತ್ತೆಂದರೆ ಡ್ರೈವರ್ ಕೂಡ ಹಿಂತಿರುಗಿ ನೋಡಿದ. ಕಾಕಾ ಫೋನನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣು ಒರೆಸಿಕೊಳ್ಳುತ್ತ, ಹ್ಞೂಂ ಹ್ಞೂಂ ಎನ್ನುತ್ತ, ಒಂದೊಂದು ಬೈಗುಳವನ್ನೂ ಪೂರ್ತಿಯಾಗಿ ಕೇಳಿಸಿಕೊಂಡ.